ಓದುಗರೇ ನಿಯಮ ಬರೆದ ಪತ್ರಿಕೆಗಳು

2023ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟ ಹೊರಬಂತು. ಅದು ಆರಂಭವಾಗುವುದು ಮೈಂಡ್ ಫ್ಲೇಯರ್‌ಗಳ ಹಾರುವ ಹಡಗಿನಲ್ಲಿ. ಬಾಯಿಯ ಸುತ್ತ ಆಕ್ಟೋಪಸ್‌ನಂತಹ ಬಾಹುಗಳನ್ನು ಇಳಿಬಿಟ್ಟುಕೊಂಡ, ಮಿದುಳನ್ನು ತಿಂದು ಬದುಕುವ ಜೀವಿಗಳವು. ಆ ಹಡಗಿನಲ್ಲೇ ಎದುರಾಗುವ ಲೇಝೆಲ್ ಎಂಬ ಯೋಧೆ ಗಿತ್‌ಯಾಂಕಿ ಕುಲದವಳು. ಕಥೆ ನಡೆಯುವ ಲೋಕದ ಹೆಸರು ಫರ್ಗಾಟನ್ ರೆಲ್ಮ್ಸ್. ಆಡುವವರು ತಮ್ಮ ಪಾತ್ರವನ್ನು ಕಾಡು ಬಲ್ಲ ರೇಂಜರ್ ಆಗಿಯೋ ಹಾಡಿನಲ್ಲೇ ಮಂತ್ರಶಕ್ತಿಯಿರುವ ಬಾರ್ಡ್ ಆಗಿಯೋ ಮಾಡಿಕೊಳ್ಳಬಹುದು.

ಇವಿಷ್ಟೂ ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಹಳೆಯ ಪತ್ರಿಕೆಗಳ ಪುಟಗಳಿಂದ ಬಂದವು. ಮೈಂಡ್ ಫ್ಲೇಯರ್ ಕಾಣಿಸಿಕೊಂಡದ್ದು 1975ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಟ ‘ದಿ ಸ್ಟ್ರಾಟೆಜಿಕ್ ರಿವ್ಯೂ’ ಎಂಬ ತೆಳ್ಳನೆಯ ಸುದ್ದಿಪತ್ರದ ಮೊದಲ ಸಂಚಿಕೆಯಲ್ಲಿ. ರೇಂಜರ್ ಅದರ ಎರಡನೆಯ ಸಂಚಿಕೆಯಲ್ಲಿ ಬಂದ, ಬಾರ್ಡ್ ಆರನೆಯದರಲ್ಲಿ. ಎರಡನ್ನೂ ಕಳಿಸಿದವರು ಹೊರಗಿನ ಆಟಗಾರರು. ಗಿತ್‌ಯಾಂಕಿ ಕುಲ 1979ರಲ್ಲಿ ಇಂಗ್ಲೆಂಡಿನ ‘ವೈಟ್ ಡ್ವಾರ್ಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಬರೆದ ಚಾರ್ಲ್ಸ್ ಸ್ಟ್ರಾಸ್‌ಗೆ ಆಗ 14 ವರ್ಷ. ಮುಂದೆ ಆತ ಹೆಸರಾಂತ ವಿಜ್ಞಾನ ಕಾದಂಬರಿಕಾರನಾದ. ಫರ್ಗಾಟನ್ ರೆಲ್ಮ್ಸ್ ಲೋಕದ ಸೃಷ್ಟಿಕರ್ತ ಎಡ್ ಗ್ರೀನ್‌ವುಡ್ ಕೆನಡಾದ ಗ್ರಂಥಾಲಯವೊಂದರ ನೌಕರ. ಆತ ಅದೇ 1979ರಿಂದ ‘ಡ್ರ್ಯಾಗನ್’ ಪತ್ರಿಕೆಗೆ ಲೇಖನಗಳನ್ನು ಕಳಿಸುತ್ತಾ, ತನ್ನ ಕಲ್ಪನೆಯ ಊರು, ಮಾಂತ್ರಿಕ, ಗ್ರಂಥಗಳನ್ನು ಒಂದೊಂದಾಗಿ ಓದುಗರಿಗೆ ಪರಿಚಯಿಸುತ್ತಾ ಹೋದ. ಆ ಲೋಕ ಸ್ವತಂತ್ರ ಪ್ರಕಟಣೆಯಾಗಿ ಹೊರಬಂದದ್ದು 1987ರಲ್ಲಿ.

ರೋಲ್‌ಪ್ಲೇಯಿಂಗ್ ಆಟಗಳ ಹಳೆಯ ಪತ್ರಿಕೆಗಳನ್ನು ಈಗ ತಿರುವಿ ಹಾಕುವವರಲ್ಲಿ ಹೆಚ್ಚಿನವರು ಅವನ್ನು ಬಾಲ್ಯದ ನೆನಪಾಗಿ ನೋಡುತ್ತಾರೆ. ಆ ಪ್ರೀತಿ ನನಗೂ ಅರ್ಥವಾಗುತ್ತದೆ. ಆದರೆ ಈ ಪತ್ರಿಕೆಗಳ ನಿಜವಾದ ಮಹತ್ವ ಬೇರೆ ಕಡೆ ಇದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಆಟ ತಯಾರಾದ ಮೇಲೆ ಅದರ ಸುದ್ದಿ ಹೇಳಲು ಇವು ಹುಟ್ಟಲಿಲ್ಲ. ಆಟ ತಯಾರಾದದ್ದೇ ಇವುಗಳ ಪುಟಗಳಲ್ಲಿ, ಓದುಗರ ಕೈಯಲ್ಲಿ. ಹಾಗೇಕಾಯಿತು ಎಂದು ತಿಳಿಯಲು ಮೊದಲು ಆಟದ ಸ್ವರೂಪವನ್ನು ನೋಡಬೇಕು.

ಪೂರ್ತಿಯಾಗದ ಆಟ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಕಥೆಯೊಂದನ್ನು ಆಡುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್. ಒಬ್ಬರು ನಿರ್ವಾಹಕರಾಗುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ. ‘ಮುಂದೆ ಕತ್ತಲ ಸುರಂಗ, ದೂರದಲ್ಲಿ ನೀರಿನ ಸದ್ದು’ ಎಂದು ನಿರ್ವಾಹಕ ವರ್ಣಿಸಿದರೆ, ‘ಪಂಜು ಆರಿಸಿ ಗೋಡೆ ಹಿಡಿದು ನಡೆಯುತ್ತೇನೆ’ ಎಂದು ಆಟಗಾರ ಹೇಳುತ್ತಾನೆ. ತಾಳಮದ್ದಳೆ ನೋಡಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ, ಕುಳಿತಲ್ಲೇ, ಎದುರಿನವರ ಮಾತಿಗೆ ತಕ್ಕಂತೆ ಆ ಕ್ಷಣದಲ್ಲೇ ಪಾತ್ರವನ್ನು ಕಟ್ಟುತ್ತಾರೆ. ಆದರೆ ಕರ್ಣಪರ್ವದ ಪ್ರಸಂಗದಲ್ಲಿ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಬೀಳಲೇಬೇಕು. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಬೀಸಿದ ಕತ್ತಿ ತಾಗಿತೋ, ಹಾರಿದ ಕಂದಕ ದಾಟಿತೋ ಎಂಬುದನ್ನು ದಾಳ ಹೇಳುತ್ತದೆ.

ಈ ಬಗೆಯ ಮೊದಲ ಪ್ರಕಟಿತ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಲೇಕ್ ಜಿನೀವಾದ ಗ್ಯಾರಿ ಗೈಗಾಕ್ಸ್ ಮತ್ತು ಮಿನೆಸೋಟದ ಡೇವ್ ಆರ್ನೆಸನ್ ಸೇರಿ ರೂಪಿಸಿದ ಇದು 1974ರಲ್ಲಿ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆಯಿಂದ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಪುಸ್ತಕ, ಬೆಲೆ 10 ಡಾಲರ್. ಪುಸ್ತಕಗಳನ್ನು ಓದಿದವರಿಗೆ ಆಟ ಹೇಗೆ ಆಡಬೇಕೆಂದು ತಿಳಿಯುವುದು ಕಷ್ಟವಿತ್ತು. ಕಾಳಗಕ್ಕೆ ‘ಚೈನ್‌ಮೇಲ್’ ಎಂಬ, 1971ರ ಇನ್ನೊಂದು ಯುದ್ಧದಾಟದ ನಿಯಮಪುಸ್ತಕ ನೋಡಿ ಎಂದು ಅದು ಹೇಳುತ್ತಿತ್ತು. ಕಾಡುಮೇಡು ಸುತ್ತುವ ಭಾಗಕ್ಕೆ ಮತ್ತೊಂದು ಕಂಪನಿಯ ಬೋರ್ಡ್ ಆಟದ ನಕ್ಷೆಯನ್ನು ಬಳಸಿಕೊಳ್ಳಬೇಕಿತ್ತು.

ಬರವಣಿಗೆಯ ದೋಷವನ್ನು ತಿದ್ದಬಹುದಿತ್ತು. ಆದರೆ ಆಟದ ಗುಣವೇ ಪೂರ್ತಿಯಾಗದಂಥದ್ದು. ಚದುರಂಗದಲ್ಲಿ ಕುದುರೆ ಹೇಗೆ ನಡೆಯಬೇಕು ಎಂಬುದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇಲ್ಲಿ ಆಟಗಾರ ಏನು ಬೇಕಾದರೂ ಮಾಡಲು ಹೊರಡಬಹುದು: ಬಾಗಿಲಿಗೆ ಎಣ್ಣೆ ಸುರಿದು ಬೆಂಕಿ ಹಚ್ಚಬಹುದು, ದೈತ್ಯನಿಗೆ ಲಂಚ ಕೊಡಬಹುದು, ನದಿಯ ದಿಕ್ಕು ತಿರುಗಿಸಬಹುದು. ಇವಕ್ಕೆಲ್ಲ ಮೊದಲೇ ನಿಯಮ ಬರೆದಿಡಲು ಯಾವ ಪುಸ್ತಕಕ್ಕೂ ಸಾಧ್ಯವಿಲ್ಲ. ನಿರ್ವಾಹಕ ಆ ಹೊತ್ತಿಗೆ ತೋಚಿದ ತೀರ್ಪು ಕೊಡುತ್ತಾನೆ. ಆ ತೀರ್ಪು ಆ ಮೇಜಿನ ಕಾನೂನಾಗುತ್ತದೆ. ಹೀಗೆ ಲಾಸ್ ಏಂಜಲೀಸ್‌ನಲ್ಲಿ ಒಂದು ಆಟ, ಬಾಸ್ಟನ್‌ನಲ್ಲಿ ಇನ್ನೊಂದು ಆಟ ಬೆಳೆಯತೊಡಗಿತು. ಒಂದು ಊರಿನ ತೀರ್ಪು ಇನ್ನೊಂದು ಊರಿಗೆ ತಲುಪಬೇಕಾದರೆ ಅಂಚೆಯೊಂದೇ ದಾರಿ.

ಆ ದಾರಿ ಮೊದಲೇ ಸಿದ್ಧವಾಗಿತ್ತು. ಯುದ್ಧದಾಟಗಳ ಹವ್ಯಾಸಿಗಳು 1960ರ ದಶಕದಿಂದ ಅಂಚೆಯಲ್ಲಿ ಆಡುತ್ತಿದ್ದರು. 1963ರಲ್ಲಿ ‘ಡಿಪ್ಲೊಮಸಿ’ ಆಟದ ನಡೆಗಳನ್ನು ಅಚ್ಚುಹಾಕಿ ಹಂಚುವ ‘ಗ್ರೌಸ್ಟಾರ್ಕ್’ ಎಂಬ ಪತ್ರ ಶುರುವಾಗಿತ್ತು. ಗೈಗಾಕ್ಸ್ ಮತ್ತು ಆರ್ನೆಸನ್ ಇದ್ದ ಮಧ್ಯಯುಗದ ಯುದ್ಧದಾಟಗಳ ಸಂಘವೊಂದು ‘ಡೂಮ್ಸ್‌ಡೇ ಬುಕ್’ ಎಂಬ ಸುದ್ದಿಪತ್ರ ತರುತ್ತಿತ್ತು. ಅದರಲ್ಲಿ ಅಚ್ಚಾದ ಕಾಲ್ಪನಿಕ ರಾಜ್ಯವೊಂದರ ನಕ್ಷೆಯ ಮೂಲೆಯಲ್ಲಿ ಆರ್ನೆಸನ್ ತನ್ನ ‘ಬ್ಲ್ಯಾಕ್‌ಮೂರ್’ ನಾಡನ್ನು ಇಟ್ಟ. ಆ ನಾಡಿನಲ್ಲಿ ನಡೆದ ಆಟಗಳಿಂದಲೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿತು.

ಸೈಕ್ಲೋಸ್ಟೈಲ್ ಕೂಟ

ಸೈಕ್ಲೋಸ್ಟೈಲ್ ಎಂದರೆ ನಮ್ಮ ಹಿಂದಿನ ತಲೆಮಾರಿನವರಿಗೆ ಬೇರೆ ವಿವರಣೆ ಬೇಡ. ಮೇಣದ ಹಾಳೆಯ ಮೇಲೆ ಟೈಪ್ ಮಾಡಿ, ಮಸಿಯ ಉರುಳೆಗೆ ಸುತ್ತಿ, ಹಿಡಿಕೆ ತಿರುಗಿಸಿ ನೂರಾರು ಪ್ರತಿ ತೆಗೆಯುವ ಯಂತ್ರ. ಅಮೆರಿಕದ ವಿಜ್ಞಾನ ಕಾದಂಬರಿಯ ಅಭಿಮಾನಿಗಳು ಇದನ್ನು ಬಳಸಿ ಒಂದು ಸೊಗಸಾದ ವ್ಯವಸ್ಥೆ ಮಾಡಿಕೊಂಡಿದ್ದರು. ಅದಕ್ಕೆ ‘ಅಮೆಚೂರ್ ಪ್ರೆಸ್ ಅಸೋಸಿಯೇಶನ್’, ಚಿಕ್ಕದಾಗಿ ‘ಎಪಿಎ’ ಎಂದು ಹೆಸರು. ಪ್ರತಿಯೊಬ್ಬ ಸದಸ್ಯ ತನ್ನ ಕೆಲವು ಪುಟಗಳನ್ನು ತಾನೇ ಬರೆದು, ತಾನೇ ಪ್ರತಿ ತೆಗೆದು, ಕಟ್ಟನ್ನು ಒಬ್ಬ ಸಂಚಾಲಕರಿಗೆ ಕಳಿಸುತ್ತಾನೆ. ಸಂಚಾಲಕರು ಎಲ್ಲರ ಪುಟಗಳನ್ನು ಜೋಡಿಸಿ, ಹೊಲಿದು, ಎಲ್ಲರಿಗೂ ಒಂದೊಂದು ಸಂಚಿಕೆ ಅಂಚೆಗೆ ಹಾಕುತ್ತಾರೆ. ಮುಂದಿನ ತಿಂಗಳು ಪ್ರತಿಯೊಬ್ಬರೂ ಹಿಂದಿನ ಸಂಚಿಕೆಯ ಇತರರ ಮಾತಿಗೆ ಉತ್ತರಿಸುತ್ತಾರೆ. ಲೇಖನಗಳನ್ನು ಆರಿಸುವ ಸಂಪಾದಕರಿಲ್ಲ, ಓದುಗರೇ ಲೇಖಕರು.

1975ರಲ್ಲಿ ಲಾಸ್ ಏಂಜಲೀಸ್‌ನ ಇಂಥ ಒಂದು ಕೂಟದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗೆಗಿನ ಮಾತೇ ತುಂಬಿಹೋಯಿತು. ವಿಜ್ಞಾನ ಕಾದಂಬರಿಯ ಚರ್ಚೆಗೆಂದು ಇದ್ದ ಪುಟಗಳು ಗುಹೆ, ನಿಧಿ, ಮಂತ್ರಗಳ ಲೆಕ್ಕಕ್ಕೆ ಖರ್ಚಾಗತೊಡಗಿದವು. ಬ್ರೂಸ್ ಪೆಲ್ಝ್ ಎಂಬ ಸದಸ್ಯ ಇದಕ್ಕೊಂದು ಪ್ರತ್ಯೇಕ ಪತ್ರಿಕೆ ಮಾಡಬಾರದೇ ಎಂದು ಕೇಳಿದ. ಲೀ ಗೋಲ್ಡ್ ಎಂಬ ಮಹಿಳೆ ಒಪ್ಪಿಕೊಂಡರು. ಆ ವರ್ಷದ ಜೂನ್‌ನಲ್ಲಿ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಹುಟ್ಟಿತು. ಬೇರೆ ಬೇರೆ ಊರುಗಳ ಆಟ ಒಬ್ಬರ ಮೇಜಿನಲ್ಲಿ ಇನ್ನೊಬ್ಬರು ಕೂರಲಾಗದಷ್ಟು ದೂರ ಸರಿದುಹೋಗಬಾರದು ಎಂಬ ಕಾಳಜಿ ಅದರ ಹಿಂದಿತ್ತು.

ಇದರ ಪುಟಗಳಲ್ಲಿ ನಡೆದ ಜಗಳ, ಒಪ್ಪಂದ, ಲೆಕ್ಕಾಚಾರಗಳಿಂದ ಹೊಸ ಆಟಗಳೇ ಎದ್ದುಬಂದವು. ಸ್ಟೀವ್ ಪೆರಿನ್ ಇದರಲ್ಲಿ ಬರೆಯುತ್ತಿದ್ದ. ಕಾಳಗದ ಬಗ್ಗೆ ತನ್ನದೇ ನಿಯಮಗಳನ್ನು ಕೂಡಿಸುತ್ತಾ ಹೋಗಿ ಆತ 1978ರ ‘ರೂನ್‌ಕ್ವೆಸ್ಟ್’ ಆಟದ ಮುಖ್ಯ ರಚನಾಕಾರನಾದ. ಜೊನಾಥನ್ ಟ್ವೀಟ್ ಎಂಬ ಇನ್ನೊಬ್ಬ ಬರಹಗಾರ 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೆಯ ಆವೃತ್ತಿಯ ಪ್ರಧಾನ ರಚನಾಕಾರನಾದ. ಅಂಚೆ ಹೋಗಿ ಇಮೇಲ್ ಬಂದ ಮೇಲೂ ಲೀ ಗೋಲ್ಡ್ ಸಂಚಿಕೆ ಹೊರಡಿಸುವುದನ್ನು ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ನಿಲ್ಲಿಸುವ ತನಕ, ಅರ್ಧ ಶತಮಾನಕ್ಕೆ ಎರಡು ತಿಂಗಳು ಕಡಿಮೆ, ಅವರು ಅದನ್ನು ನಡೆಸಿದರು. ಈ ಆಟಗಳ ಇತಿಹಾಸದಲ್ಲಿ ಇಷ್ಟು ದೀರ್ಘವಾಗಿ ದುಡಿದೂ ಇಷ್ಟು ಕಡಿಮೆ ಹೆಸರು ಪಡೆದವರು ಇನ್ನೊಬ್ಬರಿಲ್ಲ ಎಂದು ನನಗನಿಸುತ್ತದೆ.

ಕಂಪನಿಯ ಪತ್ರಿಕೆ

ಇತ್ತ ಟಿಎಸ್‌ಆರ್‌ನ ಸ್ಟ್ರಾಟೆಜಿಕ್ ರಿವ್ಯೂ ಏಳು ಸಂಚಿಕೆ ಬಂದು 1976ರ ಏಪ್ರಿಲ್‌ಗೆ ನಿಂತಿತು. ಅಷ್ಟರಲ್ಲೇ ಅದು ಮಾಡಿದ ಕೆಲಸ ದೊಡ್ಡದು. ಮೂಲ ಆಟದಲ್ಲಿ ಪಾತ್ರಗಳ ನೀತಿಗೆ ಮೂರೇ ಬಗೆ ಇತ್ತು: ವ್ಯವಸ್ಥೆಯ ಪರ, ತಟಸ್ಥ, ಅವ್ಯವಸ್ಥೆಯ ಪರ. 1976ರ ಫೆಬ್ರವರಿಯ ಲೇಖನದಲ್ಲಿ ಗೈಗಾಕ್ಸ್ ಇದಕ್ಕೆ ಒಳಿತು-ಕೆಡುಕು ಎಂಬ ಇನ್ನೊಂದು ಅಕ್ಷವನ್ನು ಅಡ್ಡಲಾಗಿ ಸೇರಿಸಿ ನಕ್ಷೆ ಬರೆದು ತೋರಿಸಿದ. ಕಾನೂನು ಪಾಲಿಸುವ ದುಷ್ಟ, ಕಾನೂನು ಮುರಿಯುವ ಸಜ್ಜನ ಎಂಬ ಪಾತ್ರಗಳಿಗೆ ಆಗ ಜಾಗ ಸಿಕ್ಕಿತು. ಇಂದು ಸಿನಿಮಾ ಪಾತ್ರಗಳನ್ನೂ ರಾಜಕಾರಣಿಗಳನ್ನೂ ಒಂಬತ್ತು ಮನೆಗಳ ಚೌಕದಲ್ಲಿ ಹಂಚಿ ಇಂಟರ್ನೆಟ್ಟಿನಲ್ಲಿ ಹರಿಯಬಿಡುತ್ತಾರಲ್ಲ, ಆ ಚೌಕದ ಮೂಲ ಈ ಲೇಖನ.

1976ರ ಜೂನ್‌ನಲ್ಲಿ ಆ ಸುದ್ದಿಪತ್ರದ ಜಾಗಕ್ಕೆ ‘ದಿ ಡ್ರ್ಯಾಗನ್’ ಬಂತು. ಟಿಮ್ ಕ್ಯಾಸ್ಕ್ ಮೊದಲ ಸಂಪಾದಕ. ಕಂಪನಿಯ ಪತ್ರಿಕೆಯಾದರೂ ಅದರ ಬಹುಪಾಲು ಲೇಖನಗಳು ಹೊರಗಿನಿಂದ ಬರುತ್ತಿದ್ದವು. ಹೊಸ ರಾಕ್ಷಸ, ಹೊಸ ಮಂತ್ರ, ಹಳೆಯ ನಿಯಮಕ್ಕೆ ತಿದ್ದುಪಡಿ, ಆಡಲು ಸಿದ್ಧವಾದ ಸಾಹಸ ಕಥೆ. ಜೊತೆಗೆ ಪುಸ್ತಕ ವಿಮರ್ಶೆ, ಸಣ್ಣಕಥೆ, ವ್ಯಂಗ್ಯಚಿತ್ರ. 1979ರ ನವೆಂಬರ್‌ನಲ್ಲಿ ಜೀನ್ ವೆಲ್ಸ್ ‘ಸೇಜ್ ಅಡ್ವೈಸ್’ ಎಂಬ ಅಂಕಣ ಆರಂಭಿಸಿದರು. ನಿಯಮಗಳ ಬಗ್ಗೆ ಓದುಗರ ಸಂದೇಹಗಳಿಗೆ ಉತ್ತರ ಕೊಡುವುದು ಅದರ ಕೆಲಸ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಧಿಕೃತ ಸಂದೇಹ ಪರಿಹಾರಗಳಿಗೆ ಇತ್ತೀಚಿನವರೆಗೂ ಇದೇ ಹೆಸರು ನಡೆದುಬಂದಿದೆ.

ಇಲ್ಲೊಂದು ಬಿಕ್ಕಟ್ಟು ಬೆಳೆಯಿತು, ಅದನ್ನು ಗಮನಿಸದೆ ಈ ಪತ್ರಿಕೆಗಳನ್ನು ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. 1975ರಲ್ಲಿ ಗೈಗಾಕ್ಸ್ ಅಲಾರಮ್ಸ್‌ನ ಎರಡನೆಯ ಸಂಚಿಕೆಗೆ ತಾನಾಗಿ ಸ್ನೇಹದಿಂದ ಪತ್ರ ಬರೆದಿದ್ದ. 1978ರ ಜುಲೈ ಹೊತ್ತಿಗೆ ಡ್ರ್ಯಾಗನ್‌ನಲ್ಲಿ ಅದೇ ಗೈಗಾಕ್ಸ್ ಎಪಿಎ ಬರಹಗಾರರನ್ನು ಕಟುವಾಗಿ ಹಳಿದು ಲೇಖನ ಬರೆದ. ನಡುವೆ ಆದದ್ದೇನು? ಆಟ ಅನಿರೀಕ್ಷಿತವಾಗಿ ಮಾರಾಟವಾಗತೊಡಗಿತ್ತು. ಸ್ಪರ್ಧೆಗಳಲ್ಲಿ ನೂರಾರು ಜನ ಒಂದೇ ಸಾಹಸವನ್ನು ಆಡಿ ಅಂಕ ಪಡೆಯುವಾಗ ಎಲ್ಲರಿಗೂ ಒಂದೇ ನಿಯಮ ಬೇಕು. 1977ರಿಂದ 1979ರವರೆಗೆ ‘ಅಡ್ವಾನ್ಸ್ಡ್’ ಎಂಬ ವಿಶೇಷಣ ಹೊತ್ತ ಮೂರು ದಪ್ಪ ಪುಸ್ತಕಗಳು ಬಂದವು. ಅವುಗಳ ಉದ್ದೇಶವೇ ಏಕರೂಪತೆ. ಅಪೂರ್ಣ ಆಟವೊಂದನ್ನು ಕೊಟ್ಟು ‘ನೀವೇ ಕಟ್ಟಿಕೊಳ್ಳಿ’ ಎಂದಿದ್ದ ಕಂಪನಿ ಈಗ ‘ಅಧಿಕೃತ’ ಎಂಬ ಮಾತನ್ನು ಮುಂದೆ ಮಾಡಿತು. ವ್ಯಾಪಾರದ ದೃಷ್ಟಿಯಿಂದ ಇದು ಸಹಜ. ಆದರೆ ಆಟವನ್ನು ಕಟ್ಟಿದ ಜನ ತಮ್ಮದೇ ಮನೆಯಲ್ಲಿ ಬಾಡಿಗೆದಾರರಾದ ಹಾಗಾಯಿತು, ಮತ್ತು ಅವರ ಪತ್ರಗಳಲ್ಲಿ ಆ ನೋವು ಎದ್ದು ಕಾಣುತ್ತದೆ.

ವಿಚಿತ್ರವೆಂದರೆ ಡ್ರ್ಯಾಗನ್ ಎರಡೂ ಕಡೆಯ ಮಾತನ್ನು ಅಚ್ಚುಹಾಕುತ್ತಿತ್ತು. ಮುಂದಿನ ಪುಟದಲ್ಲಿ ಅಧಿಕೃತ ನಿಯಮ, ಹಿಂದಿನ ಪುಟದಲ್ಲಿ ಅದನ್ನು ಬದಲಿಸುವ ಓದುಗನ ಸಲಹೆ. ಈ ಎಳೆದಾಟ ಅತ್ಯಂತ ಸುಂದರವಾಗಿ ಕಾಣುವುದು ಬೀಳುವ ನಿಯಮದ ಚರ್ಚೆಯಲ್ಲಿ. ಪಾತ್ರವೊಂದು ಎತ್ತರದಿಂದ ಬಿದ್ದರೆ ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳ ಉರುಳಿಸಿ, ಬಂದ ಅಂಕದಷ್ಟು ಪೆಟ್ಟು ಎಂದು ಲೆಕ್ಕ ಹಿಡಿಯುವುದು ರೂಢಿ. ಈ ಲೆಕ್ಕದಲ್ಲಿ ಬಲಿಷ್ಠ ಯೋಧನೊಬ್ಬ 100 ಅಡಿ ಬಂಡೆಯಿಂದ ಬಿದ್ದು ಎದ್ದು ನಡೆಯುತ್ತಾನೆ. 1983ರಲ್ಲಿ ಪತ್ರಿಕೆ ಹೊಸ ವಿವರಣೆ ಕೊಟ್ಟಿತು: ಮೊದಲ 10 ಅಡಿಗೆ ಒಂದು ದಾಳ, ಎರಡನೆಯ 10 ಅಡಿಗೆ ಎರಡು, ಮೂರನೆಯದಕ್ಕೆ ಮೂರು ಎಂದು ಕೂಡುತ್ತಾ ಹೋಗಬೇಕಿತ್ತು, ಮೂಲ ಆಶಯ ಅದೇ ಎಂದು. ಹಾಗಾದರೆ 30 ಅಡಿಗೆ ಮೂರು ದಾಳದ ಬದಲು ಆರು. ಓದುಗರು ಸುಮ್ಮನಿರಲಿಲ್ಲ. 1984ರ ಆಗಸ್ಟ್ ಸಂಚಿಕೆಯಲ್ಲಿ ಎರಡು ಲೇಖನಗಳು ಎದುರುಬದುರಾಗಿ ಬಂದವು. ಒಂದು, ಬೀಳುವ ದೇಹದ ವೇಗ, ಗಾಳಿಯ ತಡೆ, ಅದರಿಂದ ಬರುವ ಅಂತಿಮ ವೇಗ ಇವನ್ನೆಲ್ಲ ಲೆಕ್ಕ ಹಾಕಿತು. ಇನ್ನೊಂದು, ಮೈಗೆ ಪೆಟ್ಟು ಕೊಡುವುದು ಚಲನಶಕ್ತಿ, ಅದು ಬಿದ್ದ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ, ಆದ್ದರಿಂದ 10 ಅಡಿಗೆ ಒಂದು ದಾಳವೆಂಬ ಹಳೆಯ ಸರಳ ನಿಯಮವೇ ಭೌತಶಾಸ್ತ್ರಕ್ಕೆ ಹತ್ತಿರ ಎಂದು ವಾದಿಸಿತು. ಡ್ರ್ಯಾಗನ್‌ಗಳು ಹಾರಾಡುವ ಲೋಕಕ್ಕಾಗಿ ನ್ಯೂಟನ್ನನನ್ನು ಕರೆದು ಕೂರಿಸಿದ ಆ ಬರಹಗಾರರ ಮುಂದೆ ಯಾವ ಪಠ್ಯಪುಸ್ತಕವಿದ್ದರೂ ಅವರು ಅದನ್ನು ಅಷ್ಟೇ ಆಸೆಯಿಂದ ಓದಿರುತ್ತಾರೆ.

ಇದೇ ಮನೋಭಾವದಿಂದ ಬಂದದ್ದು ‘ಇಕಾಲಜಿ’ ಲೇಖನಮಾಲೆ. ಗುಹೆಯ ಚಾವಣಿಯಿಂದ ಸುಣ್ಣದ ಕೋಡಿನ ಹಾಗೆ ನೇತಾಡಿ, ಕೆಳಗೆ ಹೋಗುವವರ ಮೇಲೆ ಬೀಳುವ ‘ಪಿಯರ್ಸರ್’ ಎಂಬ ಪ್ರಾಣಿ ನಿಯಮಪುಸ್ತಕದಲ್ಲಿ ಕೆಲವೇ ಸಾಲಿನ ವಿಷಯವಾಗಿತ್ತು. ಬಿದ್ದ ಮೇಲೆ ಅದು ಮತ್ತೆ ಮೇಲೆ ಹೇಗೆ ಹೋಗುತ್ತದೆ? ಬೇಟೆ ಸಿಗದ ದಿನಗಳಲ್ಲಿ ಏನು ತಿನ್ನುತ್ತದೆ? ಈ ಬಗೆಯ ಪ್ರಶ್ನೆಗಳಿಂದ ಕಲ್ಪನೆಯ ಪ್ರಾಣಿಗೂ ಒಂದು ಜೀವನಕ್ರಮವನ್ನು ಕೊಡುವ ಮೊದಲ ಲೇಖನ 1983ರ ಏಪ್ರಿಲ್‌ನಲ್ಲಿ ಬಂತು. ಅದು ಮೂಲತಃ ‘ಡ್ರ್ಯಾಗನ್‌ಲಾರ್ಡ್ಸ್’ ಎಂಬ ಬ್ರಿಟಿಷ್ ಅಭಿಮಾನಿ ಪತ್ರಿಕೆಯದು. ಡ್ರ್ಯಾಗನ್ ಅದನ್ನು ಮರುಮುದ್ರಿಸಿ, ಅಲ್ಲಿಂದ ಒಂದು ದೀರ್ಘ ಪರಂಪರೆಯನ್ನೇ ಬೆಳೆಸಿತು.

ಹೆಣ್ಣುಮಕ್ಕಳು ಎಲ್ಲಿದ್ದರು?

ಹಳೆಯ ಸಂಚಿಕೆಗಳನ್ನು ಪ್ರೀತಿಸುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. 1976ರ ಅಕ್ಟೋಬರ್‌ನ ಮೂರನೆಯ ಸಂಚಿಕೆಯಲ್ಲಿ, ಹೆಣ್ಣು ಪಾತ್ರಗಳಿಗೆ ಪ್ರತ್ಯೇಕ ನಿಯಮ ಸೂಚಿಸುವ ಲೇಖನವೊಂದಿದೆ. ಗಂಡು ಪಾತ್ರಕ್ಕೆ ‘ವರ್ಚಸ್ಸು’ ಎಂಬ ಗುಣಾಂಕವಿದ್ದರೆ ಹೆಣ್ಣಿಗೆ ಅದರ ಬದಲು ‘ಸೌಂದರ್ಯ’. ಅವಳ ಮಂತ್ರಗಳಲ್ಲಿ ಗಂಡಸರನ್ನು ಮರುಳು ಮಾಡುವವು ಸೇರಿವೆ. ಹೆಣ್ಣುಮಕ್ಕಳನ್ನು ಆಟಕ್ಕೆ ಕರೆತರುವ ಸದುದ್ದೇಶದ ಲೇಖನವೆಂದು ಅದು ತನ್ನನ್ನು ಹೇಳಿಕೊಳ್ಳುತ್ತದೆ. ಬರೆದವರಿಗಾಗಲಿ ಅಚ್ಚಿಸಿದವರಿಗಾಗಲಿ ಅದರಲ್ಲಿ ತಪ್ಪು ಕಾಣಲಿಲ್ಲ ಎಂಬುದು ಆ ಮೇಜುಗಳ ಸುತ್ತ ಯಾರು ಕುಳಿತಿದ್ದರು ಎಂಬುದನ್ನು ಹೇಳುತ್ತದೆ. 1978ರ ಅಧಿಕೃತ ಪುಸ್ತಕದಲ್ಲೂ ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿಗಿಂತ ಕೆಳಗಿನ ಮಿತಿ ಇತ್ತು.

1980ರ ಜುಲೈನಲ್ಲಿ ಅದೇ ಪತ್ರಿಕೆಯಲ್ಲಿ ಜೀನ್ ವೆಲ್ಸ್ ಮತ್ತು ಕಿಮ್ ಮೋಹನ್ ಸೇರಿ, ಮಹಿಳೆಯರು ಸಮಾನತೆ ಕೇಳುವುದರಲ್ಲಿ ತಪ್ಪೇನಿದೆ ಎಂದು ಶೀರ್ಷಿಕೆಯಲ್ಲೇ ಪ್ರಶ್ನಿಸಿ ಬರೆದರು. ಆಟವಾಡುವ ಮಹಿಳೆಯರು ತಮಗಾದ ಅನುಭವಗಳನ್ನು ಹೇಳಿಕೊಂಡದ್ದು ಆ ಲೇಖನಕ್ಕೆ ಆಧಾರ. ದೇಹಬಲದ ಆ ಮಿತಿ ನಿಯಮಪುಸ್ತಕದಿಂದ ಹೋದದ್ದು 1989ರ ಎರಡನೆಯ ಆವೃತ್ತಿಯಲ್ಲಿ. ಒಂದು ತಪ್ಪು ಅಚ್ಚಾಗಿ, ಪ್ರಶ್ನೆಗೊಳಗಾಗಿ, ಕೊನೆಗೆ ತಿದ್ದಿಕೊಳ್ಳುವವರೆಗಿನ 13 ವರ್ಷಗಳ ದಾರಿ ಪತ್ರಿಕೆಗಳಲ್ಲಿ ಉಳಿದಿದೆ. ಮರುಮುದ್ರಣಗೊಂಡ ನಿಯಮಪುಸ್ತಕದಲ್ಲಿ ತಿದ್ದಿದ ರೂಪ ಮಾತ್ರ ಸಿಗುತ್ತದೆ. ಇತಿಹಾಸ ಬೇಕಾದವರು ಪತ್ರಿಕೆಗೇ ಬರಬೇಕು.

ಲಂಡನ್ ಮತ್ತು ಟೋಕಿಯೊ

ಇಂಗ್ಲೆಂಡಿಗೆ ಈ ಆಟವನ್ನು ತಂದವರು ಗೇಮ್ಸ್ ವರ್ಕ್‌ಶಾಪ್ ಕಟ್ಟಿದ ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್ ಮತ್ತು ಜಾನ್ ಪೀಕ್. 1975ರಲ್ಲಿ ಲಂಡನ್ನಿನ ಒಂದು ಬಾಡಿಗೆ ಫ್ಲಾಟಿನಿಂದ ‘ಔಲ್ ಅಂಡ್ ವೀಸಲ್’ ಎಂಬ ಸುದ್ದಿಪತ್ರ ಹೊರಡಿಸುತ್ತಿದ್ದ ಇವರು ಆರು ಪೆಟ್ಟಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಿಸಿಕೊಂಡರು. ಅಷ್ಟು ಸಣ್ಣ ಬೇಡಿಕೆಯ ಬೆನ್ನಲ್ಲೇ ಇಡೀ ಯೂರೋಪಿಗೆ ವಿತರಣೆಯ ಹಕ್ಕು ಅವರಿಗೆ ದೊರೆಯಿತು. ಅಮೆರಿಕದ ಆ ಕಂಪನಿಯೂ ಅಷ್ಟೇ ಚಿಕ್ಕದಿತ್ತು. 1977ರ ಬೇಸಿಗೆಯಲ್ಲಿ ಸುದ್ದಿಪತ್ರದ ಬದಲಿಗೆ ವೈಟ್ ಡ್ವಾರ್ಫ್ ಬಂತು, ಲಿವಿಂಗ್‌ಸ್ಟನ್ ಸಂಪಾದಕತ್ವದಲ್ಲಿ.

ವೈಟ್ ಡ್ವಾರ್ಫ್‌ನ ‘ಫೀಂಡ್ ಫ್ಯಾಕ್ಟರಿ’ ಅಂಕಣ ಓದುಗರು ಸೃಷ್ಟಿಸಿದ ರಾಕ್ಷಸರಿಗೆ ಮೀಸಲು. ಅದರಿಂದ ಆಯ್ದ ಪ್ರಾಣಿಗಳೇ ಬಹುಪಾಲು ತುಂಬಿದ ‘ಫೀಂಡ್ ಫೋಲಿಯೊ’ ಎಂಬ ಅಧಿಕೃತ ಗ್ರಂಥ 1981ರಲ್ಲಿ ಬಂದಾಗ ಮುಖಪುಟದಲ್ಲಿದ್ದದ್ದು ಸ್ಟ್ರಾಸ್‌ನ ಗಿತ್‌ಯಾಂಕಿ. ಅದರ ಕಥೆಯಂತೆ ಗಿತ್‌ಯಾಂಕಿಗಳು ಹಿಂದೊಮ್ಮೆ ಮೈಂಡ್ ಫ್ಲೇಯರ್‌ಗಳ ಗುಲಾಮರಾಗಿದ್ದು, ದಂಗೆಯೆದ್ದು ಬಿಡಿಸಿಕೊಂಡವರು. ಅಮೆರಿಕದ ಸುದ್ದಿಪತ್ರವೊಂದು ಹುಟ್ಟಿಸಿದ ಪ್ರಾಣಿಗೆ ಇಂಗ್ಲೆಂಡಿನ ಹುಡುಗನೊಬ್ಬ ಪೂರ್ವಕಥೆ ಕಟ್ಟಿ, ಹಳೆಯ ಶತ್ರುಗಳನ್ನು ದೊರಕಿಸಿಕೊಟ್ಟ. ಪುರಾಣಗಳು ಬೆಳೆಯುವುದೂ ಹೀಗೆಯೇ ಅಲ್ಲವೇ, ಒಬ್ಬರ ಕಥೆಗೆ ಇನ್ನೊಬ್ಬರು ಉಪಕಥೆ ಸೇರಿಸುತ್ತಾ.

1980ರ ದಶಕದ ಕೊನೆಯ ಹೊತ್ತಿಗೆ ಗೇಮ್ಸ್ ವರ್ಕ್‌ಶಾಪ್ ತನ್ನದೇ ‘ವಾರ್‌ಹ್ಯಾಮರ್’ ಸೈನಿಕ ಬೊಂಬೆಗಳ ವ್ಯಾಪಾರಕ್ಕೆ ಪೂರ್ತಿ ಹೊರಳಿತು. ವೈಟ್ ಡ್ವಾರ್ಫ್ ಇಂದಿಗೂ ಬರುತ್ತಿದೆ, ಆದರೆ ಅದು ಆ ಒಂದು ಕಂಪನಿಯ ಸರಕಿನ ಪತ್ರಿಕೆ. ಎಲ್ಲರ ಆಟಗಳಿಗೂ ಜಾಗವಿದ್ದ ಮೊದಲ ದಶಕದ ಸಂಚಿಕೆಗಳೇ ನನಗೆ ಪ್ರಿಯ.

ಜಪಾನಿನಲ್ಲಿ ಪತ್ರಿಕೆ ಬೇರೆಯೇ ದಾರಿ ಹಿಡಿಯಿತು. ‘ಕಾಂಪ್ಟಿಕ್’ ಎಂಬ ಕಂಪ್ಯೂಟರ್ ಆಟಗಳ ಪತ್ರಿಕೆ 1986ರಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವರ ಮಾತುಕತೆಯನ್ನೇ ನಾಟಕದ ಸಂಭಾಷಣೆಯಂತೆ ಬರೆದು ಧಾರಾವಾಹಿಯಾಗಿ ಪ್ರಕಟಿಸತೊಡಗಿತು. ಇದಕ್ಕೆ ‘ರೀಪ್ಲೇ’ ಎನ್ನುತ್ತಾರೆ. ನಿಯಮಪುಸ್ತಕ ಓದಿ ಅರ್ಥವಾಗದ ಆಟ, ಇತರರು ಆಡುವುದನ್ನು ಓದಿದಾಗ ಅರ್ಥವಾಯಿತು. ಆ ಧಾರಾವಾಹಿ ‘ರೆಕಾರ್ಡ್ ಆಫ್ ಲೋಡಾಸ್ ವಾರ್’. ನಿರ್ವಾಹಕನಾಗಿದ್ದ ರ್‍ಯೋ ಮಿಝುನೊ ಅದನ್ನು ಕಾದಂಬರಿಯಾಗಿಸಿದ. ಆಮೇಲೆ ಅದು ಅನಿಮೇ ಆಯಿತು. ಎಲ್ಫ್‌ಗಳೂ ಯೋಧರೂ ಇರುವ ಜಪಾನೀ ಕಥೆಗಳ ದೊಡ್ಡ ಪ್ರವಾಹಕ್ಕೆ ಅಲ್ಲಿಂದ ಬಲ ಬಂತು. ಇತರರು ಆಡುವುದನ್ನು ನೋಡಿಯೇ ಆನಂದಿಸುವ ಇಂದಿನ ಯೂಟ್ಯೂಬ್ ಕಾರ್ಯಕ್ರಮಗಳಿಗೂ ಮೊದಲೇ, ಕಾಗದದ ಮೇಲೆ ಆ ಸುಖವನ್ನು ಜಪಾನ್ ಕಂಡುಕೊಂಡಿತ್ತು.

ನಿಂತುಹೋದದ್ದು, ಉಳಿದದ್ದು

ಟಿಎಸ್‌ಆರ್ 1996ರ ಕೊನೆಗೆ ಸಾಲದಲ್ಲಿ ಮುಳುಗಿತು. ಡ್ರ್ಯಾಗನ್ ಕೆಲವು ತಿಂಗಳು ಅಚ್ಚಾಗಲೇ ಇಲ್ಲ. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಟಿಎಸ್‌ಆರ್ ಅನ್ನು ಕೊಂಡು ಪತ್ರಿಕೆಯನ್ನು ಬದುಕಿಸಿತು. 2002ರಿಂದ ಅದನ್ನು ಪ್ರಕಟಿಸುವ ಪರವಾನಗಿ ಪೈಝೋ ಎಂಬ ಹೊಸ ಸಂಸ್ಥೆಗೆ ಹೋಯಿತು. 2007ರಲ್ಲಿ ಪರವಾನಗಿ ನವೀಕರಣವಾಗಲಿಲ್ಲ. ಆ ಸೆಪ್ಟೆಂಬರಿನ 359ನೆಯ ಸಂಚಿಕೆ ಡ್ರ್ಯಾಗನ್‌ನ ಕೊನೆಯ ಮುದ್ರಿತ ಸಂಚಿಕೆ. ಸಾಹಸ ಕಥೆಗಳಿಗೆಂದೇ 1986ರಿಂದ ಬರುತ್ತಿದ್ದ ಸೋದರ ಪತ್ರಿಕೆ ‘ಡಂಜನ್’ 150ನೆಯ ಸಂಚಿಕೆಗೆ ಮುಗಿಯಿತು. ಕೈಯಲ್ಲಿ ಪತ್ರಿಕೆಯಿಲ್ಲದೆ ಉಳಿದ ಪೈಝೋ ತಿಂಗಳಿಗೊಂದರಂತೆ ‘ಪಾತ್‌ಫೈಂಡರ್’ ಸಾಹಸಗಳನ್ನು ಪ್ರಕಟಿಸತೊಡಗಿತು. 2009ರಲ್ಲಿ ಅದೇ ಹೆಸರಿನ ಪೂರ್ಣ ಆಟವಾಗಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೇ ದೊಡ್ಡ ಪ್ರತಿಸ್ಪರ್ಧಿಯಾಯಿತು. ಪತ್ರಿಕೆ ನಡೆಸುತ್ತಾ ಗಳಿಸಿದ್ದ ಚಂದಾದಾರರು ಮತ್ತು ಬರಹಗಾರರೇ ಅದರ ಬಂಡವಾಳ.

ಹಳೆಯ ಸಂಚಿಕೆಗಳು ಈಗ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಹಕ್ಕುಗಳು. 1999ರಲ್ಲಿ ಡ್ರ್ಯಾಗನ್‌ನ ಮೊದಲ 250 ಸಂಚಿಕೆಗಳು ಸಿ.ಡಿ. ರೂಪದಲ್ಲಿ ಬಂದವು. ಆದರೆ ಹವ್ಯಾಸಿ ಬರಹಗಾರರು, ಚಿತ್ರಕಾರರು ಹಿಂದೆ ಕೊಟ್ಟಿದ್ದದ್ದು ಕಾಗದದ ಮೇಲೆ ಅಚ್ಚುಹಾಕುವ ಅನುಮತಿ ಮಾತ್ರ ಎಂಬ ತಕರಾರು ಎದ್ದಿತು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊಕದ್ದಮೆಯೊಂದರಲ್ಲಿ, ಬಿಡಿ ಬರಹಗಾರರ ಲೇಖನಗಳನ್ನು ಅವರ ಒಪ್ಪಿಗೆಯಿಲ್ಲದೆ ಎಲೆಕ್ಟ್ರಾನಿಕ್ ಸಂಗ್ರಹಕ್ಕೆ ಸೇರಿಸುವಂತಿಲ್ಲ ಎಂದು 7-2 ಬಹುಮತದಿಂದ ತೀರ್ಪು ಕೊಟ್ಟಿತು. ಪುಟವನ್ನು ಇದ್ದ ಹಾಗೆಯೇ ಸಿ.ಡಿ.ಗೆ ಇಳಿಸುವುದು ಬೇರೆ ವಿಷಯ ಎಂದು ಬೇರೊಂದು ಪತ್ರಿಕೆಯ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯಗಳು ಮುಂದೆ ಹೇಳಿದರೂ ಪ್ರಕಾಶಕರ ಅಂಜಿಕೆ ಹೋಗಲಿಲ್ಲ. ನೂರಾರು ಓದುಗರು ಸೇರಿ ಬರೆದ ಪತ್ರಿಕೆಗೆ ನೂರಾರು ಹಕ್ಕುದಾರರು. ಅವರಲ್ಲಿ ಹಲವರು ಹದಿನಾರನೆಯ ವಯಸ್ಸಿನಲ್ಲಿ ಒಂದೇ ಒಂದು ಲೇಖನ ಬರೆದು ಮರೆತವರು. ಬರಹಗಾರನ ಹಕ್ಕು ದೊಡ್ಡದು, ಅದನ್ನು ನಾನು ಬಿಟ್ಟುಕೊಡಲಾರೆ. ಆದರೂ ಪತ್ರಿಕೆಯ ಶಕ್ತಿಯಾಗಿದ್ದ ಆ ಬಹುಜನರ ಕೈಬರಹವೇ ಅದು ಮತ್ತೆ ಬೆಳಕು ಕಾಣುವುದಕ್ಕೆ ಅಡ್ಡಿಯಾದುದು ನೋವಿನ ಸಂಗತಿ.

ಹೀಗಾಗಿ ಸಂಗ್ರಹಕಾರರ ಮನೆಗಳು ಮತ್ತು ಕೆಲವು ಗ್ರಂಥಾಲಯಗಳೇ ಆಸರೆ. ಲೀ ಗೋಲ್ಡ್‌ಗೆ ಪತ್ರಿಕೆ ಆರಂಭಿಸಲು ಹೇಳಿದ ಬ್ರೂಸ್ ಪೆಲ್ಝ್ ಜೀವಮಾನವಿಡೀ ಕೂಡಿಟ್ಟ ಅಭಿಮಾನಿ ಪತ್ರಿಕೆಗಳ ಬೃಹತ್ ಸಂಗ್ರಹ ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಲ್ಲಿದೆ.

ಹಳೆಯ ಸಂಚಿಕೆ ಕೈಗೆ ಸಿಕ್ಕರೆ ಮುಖ್ಯ ಲೇಖನದಿಂದ ಆರಂಭಿಸಬೇಡಿ. ಮೊದಲು ಓದುಗರ ಪತ್ರಗಳನ್ನು ಓದಿ, ಆಮೇಲೆ ಜಾಹೀರಾತುಗಳನ್ನು. ಅಂಚೆಯಲ್ಲಿ ಆಡುವ ಆಟಗಳ ಜಾಹೀರಾತುಗಳ ಜಾಗವನ್ನು ಕಂಪ್ಯೂಟರ್ ಆಟಗಳು ವರ್ಷದಿಂದ ವರ್ಷಕ್ಕೆ ಹೇಗೆ ಆಕ್ರಮಿಸಿದವು ಎಂಬುದು ಅಲ್ಲೇ ಕಾಣುತ್ತದೆ. ಒಂದೇ ವರ್ಷದ ಡ್ರ್ಯಾಗನ್ ಮತ್ತು ವೈಟ್ ಡ್ವಾರ್ಫ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಇನ್ನೂ ಒಳ್ಳೆಯದು; ಒಂದರಲ್ಲಿ ಪ್ರತಿಪಾದಿಸಿದ ನಿಯಮವನ್ನು ಇನ್ನೊಂದು ಹೇಗೆ ಬಳಸಿತು, ಹೇಗೆ ತಿರಸ್ಕರಿಸಿತು ಎಂದು ನೋಡಬಹುದು. ಒಂದೇ ಸಂಚಿಕೆ ಆರಿಸಿಕೊಳ್ಳಬೇಕು ಎಂದರೆ ನನ್ನ ಆಯ್ಕೆ ಡ್ರ್ಯಾಗನ್‌ನ 1984ರ ಆಗಸ್ಟ್ ಸಂಚಿಕೆ. ಬೀಳುವ ನಿಯಮದ ಆ ಎರಡು ಲೇಖನಗಳನ್ನು ಓದುವ ಮೊದಲು ಒಂದು ಹಾಳೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ, ಲೆಕ್ಕವನ್ನು ನೀವೇ ಮಾಡಿ ನೋಡಬೇಕೆನಿಸುತ್ತದೆ.